ಎಡನೀರಿನ ಸಮಾಧಿಯೂ ವಾರಸುದಾರರೂ

ಕಾಸರಗೋಡಿನ ಹಿರಿಯರೆಲ್ಲ ಒಂದೇ ಬೇಲಿಯೊಳಗೆ ವಿಶ್ರಮಿಸುವ ಸ್ಮಶಾನ ಈ ಜಿಲ್ಲೆಯಲ್ಲಿಲ್ಲ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ನೆಲದಡಿಯಲ್ಲಿ ಅರಸರೂ ಕವಿಗಳೂ ವಿಜ್ಞಾನಿಗಳೂ ಒತ್ತೊತ್ತಾಗಿ ಮಲಗಿದ್ದಾರೆ. ಅಲ್ಲಿಗೆ ಹೋದ ಪ್ರವಾಸಿಗೆ ಅರ್ಧ ದಿನದಲ್ಲಿ ಒಂದು ದೇಶದ ಚರಿತ್ರೆ ನೋಡಸಿಗುತ್ತದೆ. ಇಲ್ಲಿಯ ರೂಢಿ ಬೇರೆ. ಪಳ್ಳಿಯ ಅಂಗಳದಲ್ಲಿ ಖಬರುಗಳಿವೆ, ಇಗರ್ಜಿಯ ಹಿಂಬದಿಯಲ್ಲಿ ಶಿಲುಬೆಗಳಿವೆ, ಮಠಗಳಲ್ಲಿ ಯತಿಗಳ ಸಮಾಧಿಗಳಿವೆ. ಉಳಿದವರಲ್ಲಿ ಹೆಚ್ಚಿನವರು ತಮ್ಮ ತೋಟದ ಮೂಲೆಯಲ್ಲಿ ಬೂದಿಯಾಗಿ, ಹೊಳೆಯ ನೀರಿನಲ್ಲಿ ಕರಗಿ, ಗುರುತಿಲ್ಲದೆ ಹೋದವರು. ಆದುದರಿಂದ ಈ ನಾಡಿನ ದೊಡ್ಡವರನ್ನು ಕಾಣಲು ಹೊರಟವರು ಒಂದು ಗೇಟಿನೊಳಗೆ ಹೊಕ್ಕು ಹೊರಬರುವಂತಿಲ್ಲ. ದಾರಿ ಹಿಡಿದು ನಡೆಯಬೇಕು.

ಅಂಥ ದಾರಿಯೊಂದು ಕಾಸರಗೋಡು ಪೇಟೆಯ ತಳಂಗರೆಯಿಂದ ಚೆರ್ಕಳಕ್ಕೆ, ಅಲ್ಲಿಂದ ಕಲ್ಲಡ್ಕದ ಕಡೆಗೆ ಹೋಗುವ ರಸ್ತೆಯಲ್ಲಿ ಎಡನೀರಿಗೆ, ಮತ್ತೆ ಬದಿಯಡ್ಕದ ಪೆರಡಾಲಕ್ಕೆ ಸಾಗುತ್ತದೆ. ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯೊಂದರ ಎಂಟನೆಯ ತರಗತಿಯ ಮಕ್ಕಳು ವಾರ್ಷಿಕ ಪರೀಕ್ಷೆಗೆ ಮುನ್ನ ಒಂದು ಶನಿವಾರ ಈ ದಾರಿಯಲ್ಲಿ ಹೋಗಿಬಂದರು. ಅವರೊಂದಿಗೆ ಸಮಾಜ ವಿಜ್ಞಾನದ ಅಧ್ಯಾಪಿಕೆಯಿದ್ದರು, ಮೂವರು ಹೆತ್ತವರಿದ್ದರು. ತರಗತಿಗೆ ತರಗತಿಯೇ ಒಂದು ವ್ಯಾನಿನಲ್ಲಿ ಹಿಡಿಸಿತು. ಅದು ಚಾಲಕನಿಗೆ ಅನುಕೂಲವಾದ ಸಂಗತಿ, ಅಧ್ಯಾಪಿಕೆಗೆ ಅಷ್ಟು ಹಿತವಾದುದಲ್ಲ.

ಮೊದಲ ನಿಲುಗಡೆ ತಳಂಗರೆ. ಚಂದ್ರಗಿರಿ ಹೊಳೆ ಕಡಲನ್ನು ಸೇರುವ ಮುನ್ನ ಅಗಲವಾಗಿ ಹರಡುವ ಆ ಎಡೆಯಲ್ಲಿ ಮಾಲಿಕ್ ದೀನಾರ್ ಪಳ್ಳಿಯಿದೆ. ಹಿಜರಿ 22ರಲ್ಲಿ ಅದು ಸ್ಥಾಪನೆಯಾಯಿತೆಂಬುದು ಪರಂಪರೆಯ ನಂಬಿಕೆ. ಪಳ್ಳಿಗೆ ಮಾಲಿಕ್ ದೀನಾರರ ಹೆಸರಿದ್ದರೂ ಅಲ್ಲಿರುವ ಖಬರು ಅವರ ವಂಶದವರೆಂದು ಹೇಳಲಾಗುವ ಮಾಲಿಕ್ ಇಬ್ನ್ ಮಹಮ್ಮದರದು. ಸುತ್ತಲೂ ತಲೆಮಾರುಗಳ ಮೀಸಾನ್ ಕಲ್ಲುಗಳು. ಎಷ್ಟೋ ಕಲ್ಲುಗಳ ಮೇಲೆ ಅಕ್ಷರವೇ ಇಲ್ಲ. ಮಳೆಗಾಲಗಳು ಪಾಚಿಯನ್ನಷ್ಟೇ ಬರೆದಿವೆ. ಮಕ್ಕಳು ಚಪ್ಪಲಿ ಕಳಚಿ, ಮಾತು ತಗ್ಗಿಸಿ, ಹೊರ ಅಂಗಳದಲ್ಲಿ ನಿಂತರು.

ಅಧ್ಯಾಪಿಕೆ ಅಲ್ಲಿ ಹೇಳಿದುದು ಅರಬ್ ವರ್ತಕರ ಕತೆಯನ್ನಷ್ಟೇ ಅಲ್ಲ, ತಳಂಗರೆಯಲ್ಲಿ 1908ರಲ್ಲಿ ಹುಟ್ಟಿದ ಟಿ. ಉಬೈದರ ಕತೆಯನ್ನೂ. ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತ ಉಬೈದರು ಮಲಯಾಳಂ ಕವಿಯಾದರು, ಮಾಪ್ಪಿಳ ಸಾಹಿತ್ಯಕ್ಕೆ ವಿದ್ವತ್ತಿನ ಲೋಕದಲ್ಲಿ ಗೌರವದ ಆಸನ ದೊರಕಿಸಿದರು. ಕಾಸರಗೋಡು ಕೇರಳಕ್ಕೆ ಸೇರಬೇಕೆಂದು ಬಯಸಿದವರು ಅವರು. ಆದರೆ ಸೇರುವ ಹೊತ್ತು ಬಂದಾಗ ಅವರು ಮಲಯಾಳದಲ್ಲಿ ಬರೆದ ಕವಿತೆ ಗೆಲುವಿನ ಘೋಷವಾಗಿರಲಿಲ್ಲ. ಕನ್ನಡವೆಂಬ ತಾಯಿಯ ಮುಂದೆ ನಿಂತು ಹೊರಡಲು ಅಪ್ಪಣೆ ಬೇಡುವ ಮಗನ ಮಾತಾಗಿತ್ತು. ಮೊಲೆಯುಣಿಸಿದ ತಾಯಿಯನ್ನು ಬಿಟ್ಟು ಹೋಗುವವನಿಗೂ ಆಕೆಯ ಋಣದ ಅರಿವಿತ್ತು.

ಅದೇ ಚಂದ್ರಗಿರಿಯ ಹೆಸರನ್ನು ಕನ್ನಡ ಸಾಹಿತ್ಯದಲ್ಲಿ ಶಾಶ್ವತಗೊಳಿಸಿದವರು ಸಾರಾ ಅಬೂಬಕ್ಕರ್. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಅವರ ಮನೆಮಾತು ಮಲಯಾಳಂ, ಶಾಲೆಯ ಮಾತು ಕನ್ನಡ. ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನು ಅವರು ಬರೆದುದು ಶಾಲೆಯ ಭಾಷೆಯಲ್ಲಿ. 2023ರ ಜನವರಿ 10ರಂದು ಮಂಗಳೂರಿನಲ್ಲಿ ಅವರು ಕಣ್ಮುಚ್ಚಿದಾಗ ಕನ್ನಡ ಓದುಗರು ತಮ್ಮ ಮನೆಯವರನ್ನು ಕಳೆದುಕೊಂಡಂತೆ ಮರುಗಿದರು. ಶಾಲೆಯಲ್ಲಿ ಕಲಿತ ಭಾಷೆ ಒಬ್ಬ ಹೆಣ್ಣುಮಗಳಿಗೆ ಏನೆಲ್ಲ ಹೇಳುವ ಧೈರ್ಯ ಕೊಡಬಲ್ಲುದೆಂಬುದನ್ನು ತಿಳಿಯಲು ಆ ಹೊಳೆಯ ದಡಕ್ಕಿಂತ ತಕ್ಕ ಜಾಗ ಬೇರೆ ಬೇಕಿಲ್ಲ.

ತಳಂಗರೆಯಿಂದ ಎಡನೀರಿಗೆ ಬರುವಾಗ ಕಡಲಿನ ಬಯಲು ಹಿಂದುಳಿದು ಮುರಕಲ್ಲಿನ ಗುಡ್ಡಗಳೂ ಅಡಕೆ ತೋಟಗಳೂ ಎದುರಾಗುತ್ತವೆ. ಎಡನೀರು ಮಠ ಅದ್ವೈತ ಪರಂಪರೆಯದು. ಶಂಕರಾಚಾರ್ಯರ ಶಿಷ್ಯ ತೋಟಕಾಚಾರ್ಯರ ಪರಂಪರೆಗೆ ತನ್ನನ್ನು ಸೇರಿಸಿಕೊಳ್ಳುತ್ತದೆ. ಇಲ್ಲಿ ದಕ್ಷಿಣಾಮೂರ್ತಿಗೂ ಗೋಪಾಲಕೃಷ್ಣನಿಗೂ ಪೂಜೆಯಿದೆ. ಯಕ್ಷಗಾನ, ತಾಳಮದ್ದಳೆ, ಸಂಗೀತಗಳಿಗೆ ಇಲ್ಲಿಯ ಚಾವಡಿ ಎಂದೂ ತೆರೆದಿತ್ತು. ಮಠದ ಹೆಸರಿನ ಶಾಲೆಯೂ ಊರಿನಲ್ಲಿದೆ. ಇಲ್ಲಿಯೇ 2020ರ ಸೆಪ್ಟೆಂಬರ್ 6ರಂದು ಶ್ರೀ ಕೇಶವಾನಂದ ಭಾರತೀ ಶ್ರೀಪಾದಂಗಳವರು ತಮ್ಮ 79ನೆಯ ವಯಸ್ಸಿನಲ್ಲಿ ದೇಹ ಬಿಟ್ಟರು, ಇಲ್ಲಿಯೇ ಅವರ ಸಮಾಧಿಯಾಯಿತು. ಕೊರೊನಾದ ಕಾಲ, ಸಾವಿರಾರು ಜನ ಸೇರಬೇಕಿದ್ದ ವಿದಾಯಕ್ಕೆ ಮಿತಿಯಿತ್ತು.

“ಸ್ವಾಮಿಗಳನ್ನು ಯಾಕೆ ಸುಡಲಿಲ್ಲ?” ಎಂಬುದು ಮಕ್ಕಳ ಮೊದಲ ಪ್ರಶ್ನೆ. ಅದಕ್ಕೆ ಉತ್ತರ ಶಾಸ್ತ್ರದಲ್ಲಿದೆ. ಸಂನ್ಯಾಸ ಸ್ವೀಕರಿಸುವವನು ಹೊರಗಿನ ಅಗ್ನಿಯನ್ನು ತನ್ನೊಳಗೆ ಆರೋಪಿಸಿಕೊಳ್ಳುತ್ತಾನೆ. ಅವನಿಗೆ ಇನ್ನು ಹೋಮವಿಲ್ಲ, ಆದುದರಿಂದ ಚಿತೆಯೂ ಇಲ್ಲ. ತನ್ನ ಶ್ರಾದ್ಧವನ್ನು ತಾನೇ ಮಾಡಿಕೊಂಡು, ಹುಟ್ಟಿದ ಮನೆಯ ಪಾಲಿಗೆ ಸತ್ತವನಾಗಿ ಹೊರಡುತ್ತಾನೆ. ದೇಹ ಬಿದ್ದ ಮೇಲೆ ಅವನನ್ನು ಪದ್ಮಾಸನದಲ್ಲಿ ಕುಳ್ಳಿರಿಸಿ ಉಪ್ಪು, ವಿಭೂತಿ, ಬಿಲ್ವಪತ್ರೆಗಳೊಡನೆ ಮಣ್ಣಿಗೆ ಒಪ್ಪಿಸುತ್ತಾರೆ.

ಕುತೂಹಲದ ಸಂಗತಿಯೆಂದರೆ ನ್ಯಾಯಾಲಯಗಳೂ ಇದನ್ನೇ ಒಪ್ಪಿಕೊಂಡಿವೆ. ಹಿಂದೂ ಕಾನೂನಿನಲ್ಲಿ ಸಂನ್ಯಾಸವೆಂದರೆ ನಾಗರಿಕ ಮರಣ. ವಿಧಿಪೂರ್ವಕ ಸಂನ್ಯಾಸಿಯಾದವನಿಗೆ ಪೂರ್ವಾಶ್ರಮದ ಆಸ್ತಿಯಲ್ಲಿ ಪಾಲಿಲ್ಲ. ಅವನು ಬದುಕಿದ್ದರೂ ಆ ಮನೆಯ ಲೆಕ್ಕದಲ್ಲಿ ಇಲ್ಲದವನು. ಮಠಾಧಿಪತಿಯಾಗಿ ಮಾತ್ರ ಅವನಿಗೆ ಕಾನೂನಿನ ಕಣ್ಣಿನಲ್ಲಿ ಮರುಜನ್ಮ. ಆ ಸ್ಥಾನದಲ್ಲಿ ಕರ್ತವ್ಯವೂ ಹಕ್ಕೂ ಬೆರೆತಿವೆಯೆಂದು ಸರ್ವೋಚ್ಚ ನ್ಯಾಯಾಲಯ 1954ರಲ್ಲಿ ಹೇಳಿತ್ತು. ಆ ಮೊಕದ್ದಮೆಯ ಹೆಸರು ಉಡುಪಿಯ ಶಿರೂರು ಮಠದ್ದು. ತುಳುನಾಡಿನ ಮಠಗಳಿಗೂ ಭಾರತದ ಸಂವಿಧಾನಕ್ಕೂ ಇರುವ ನಂಟು ಎಡನೀರಿನಿಂದ ಆರಂಭವಾದುದಲ್ಲ. ಅದು ತುಂಬ ಎತ್ತರಕ್ಕೆ ಏರಿದ್ದು ಮಾತ್ರ ಎಡನೀರಿನಿಂದ.

19ನೆಯ ವಯಸ್ಸಿನಲ್ಲಿ ಸಂನ್ಯಾಸ ಸ್ವೀಕರಿಸಿ ನಾಗರಿಕವಾಗಿ ಮೃತರಾಗಿದ್ದ ಆ ತರುಣ ಯತಿ 29ನೆಯ ವಯಸ್ಸಿನಲ್ಲಿ, 1970ರ ಮಾರ್ಚ್ 21ರಂದು, ಸಂವಿಧಾನದ 32ನೆಯ ವಿಧಿಯಡಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ಕಾರಣ ಭೂಮಿ. 1963ರ ಕೇರಳ ಭೂ ಸುಧಾರಣಾ ಕಾಯಿದೆ 1969ರ ತಿದ್ದುಪಡಿಯೊಂದಿಗೆ ಬಲಗೊಂಡು, 1970ರ ಜನವರಿ 1ರಿಂದ ಗೇಣಿ ಪದ್ಧತಿಯನ್ನು ಕೊನೆಗಾಣಿಸಿತ್ತು. ಗೇಣಿಯಿಂದ ನಡೆಯುತ್ತಿದ್ದ ಮಠದ ದೀಪ, ನೈವೇದ್ಯ, ಅನ್ನದಾನಗಳ ಗತಿಯೇನೆಂಬುದು ಅರ್ಜಿದಾರರ ಅಳಲು.

ಈ ಕತೆಯನ್ನು ಒಂದೇ ಬದಿಯಿಂದ ಹೇಳುವುದು ಸುಲಭ, ಆದರೆ ನ್ಯಾಯವಲ್ಲ. ಸಮಾಧಿಯ ಮುಂದೆ ನಿಂತಿದ್ದ ಮೂವರು ಹೆತ್ತವರಲ್ಲಿ ಒಬ್ಬರ ಅಜ್ಜನಿಗೆ ಇದೇ ಕಾಯಿದೆಯಡಿಯಲ್ಲಿ ಲ್ಯಾಂಡ್ ಟ್ರಿಬ್ಯೂನಲ್ಲಿನಿಂದ ಪಟ್ಟೆ ಸಿಕ್ಕಿತ್ತು. ಅಲ್ಲಿಯವರೆಗೆ ಆ ಮನೆಯವರು ಅನ್ಯರ ನೆಲದಲ್ಲಿ ಅಡಕೆಗೆ ನೀರು ಹೊತ್ತವರು. ಗುಡಿಸಲ ವಾಸಿಗಳಿಗೆ ಪಂಚಾಯತು ಪ್ರದೇಶಗಳಲ್ಲಿ 10 ಸೆಂಟ್ಸಿನಷ್ಟು ನೆಲವನ್ನು ತಮ್ಮದಾಗಿಸಿಕೊಳ್ಳುವ ಹಕ್ಕನ್ನು ಕೊಟ್ಟದ್ದೂ ಈ ಕಾಯಿದೆಯೇ. ಅದಿಲ್ಲದಿದ್ದರೆ ಆ ತಂದೆಗೆ ಮನೆಯಿಲ್ಲ, ಅವರ ಮಗಳಿಗೆ ಬಹುಶಃ ಶಾಲೆಯೂ ಇಲ್ಲ. ಆದರೂ ಅವರು ಸಮಾಧಿಗೆ ಕೈಮುಗಿದರು. ಮಗಳು ವಿವರಣೆ ಕೇಳಿದಾಗ ಅವರು ಹೇಳಿದ ಉತ್ತರ ಚಿಕ್ಕದು: “ಜಾಗದ ಜಗಳ ಜಾಗದಲ್ಲಿ. ಇದು ಬೇರೆ.”

ಅದು ಹೇಗೆ ಬೇರೆಯೆಂಬುದೇ ಎರಡನೆಯ ಪ್ರಶ್ನೆಗೆ ದಾರಿಯಾಯಿತು: “ಸ್ವಾಮಿಗಳು ಕೇಸು ಗೆದ್ದರೋ, ಸೋತರೋ?”

ಇದಕ್ಕೆ ಒಂದು ಮಾತಿನ ಉತ್ತರ ಇಲ್ಲ. ಅರ್ಜಿ ವಿಚಾರಣೆಗೆ ಬರುವಷ್ಟರಲ್ಲಿ ಸಂಸತ್ತು 24, 25, 26 ಮತ್ತು 29ನೆಯ ತಿದ್ದುಪಡಿಗಳನ್ನು ಅಂಗೀಕರಿಸಿತ್ತು. ಎಡನೀರಿನ ಗೇಣಿಯ ಪ್ರಶ್ನೆ ಬೆಳೆದು, ಸಂಸತ್ತು ಸಂವಿಧಾನವನ್ನು ತನಗೆ ಬೇಕಾದಂತೆಲ್ಲ ಬದಲಿಸಬಹುದೇ ಎಂಬ ದೇಶದ ಪ್ರಶ್ನೆಯಾಯಿತು. 1967ರ ಗೋಲಕನಾಥ ತೀರ್ಪನ್ನು ಕೊಟ್ಟದ್ದು 11 ನ್ಯಾಯಮೂರ್ತಿಗಳ ಪೀಠ. ಅದನ್ನು ಮರುಪರಿಶೀಲಿಸಲು 13 ಮಂದಿ ಕುಳಿತರು. ಅದಕ್ಕಿಂತ ದೊಡ್ಡ ಪೀಠ ಇಂದಿನವರೆಗೆ ಭಾರತದಲ್ಲಿ ಕುಳಿತಿಲ್ಲ. 1972ರ ಅಕ್ಟೋಬರ್ 31ರಿಂದ 1973ರ ಮಾರ್ಚ್ 23ರವರೆಗೆ 68 ದಿನಗಳ ವಾದ ನಡೆಯಿತು. ಅರ್ಜಿದಾರರ ಪರ ವಾದಿಸಿದ ನಾನಿ ಪಾಲ್ಖಿವಾಲಾ ತಮ್ಮ ಕಕ್ಷಿದಾರರನ್ನು ಒಮ್ಮೆಯೂ ಮುಖತಃ ಕಾಣಲಿಲ್ಲ. ಸ್ವಾಮೀಜಿ ಎಡನೀರಿನಲ್ಲಿ ಪೂಜೆ ನಡೆಸುತ್ತಿದ್ದರು. ದಿಲ್ಲಿಯಲ್ಲಿ ಅವರ ಹೆಸರು ದಿನವೂ ಕೂಗಲ್ಪಡುತ್ತಿತ್ತು.

1973ರ ಏಪ್ರಿಲ್ 24ರಂದು ತೀರ್ಪು ಬಂತು: 11 ಪ್ರತ್ಯೇಕ ಅಭಿಪ್ರಾಯಗಳು, 7ಕ್ಕೆ 6ರ ಬಹುಮತ. ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಅದರ ಮೂಲ ಸಂರಚನೆಯನ್ನು ಕೆಡಿಸುವಂತಿಲ್ಲ ಎಂಬುದು ಆ ಬಹುಮತದ ಸಾರ. ಅದೇ ತೀರ್ಪಿನಲ್ಲಿ ಕೇರಳದ ಭೂ ಸುಧಾರಣಾ ತಿದ್ದುಪಡಿ ಕಾಯಿದೆಗಳನ್ನು ಒಂಬತ್ತನೆಯ ಅನುಸೂಚಿಗೆ ಸೇರಿಸಿದ 29ನೆಯ ತಿದ್ದುಪಡಿಯನ್ನು ನ್ಯಾಯಾಲಯ ಎತ್ತಿಹಿಡಿಯಿತು. ಯಾವ ನೆಲಕ್ಕಾಗಿ ಅರ್ಜಿ ಹೋಯಿತೋ ಆ ನೆಲ ಮಠಕ್ಕೆ ದಕ್ಕಲಿಲ್ಲ. ಗೇಣಿದಾರನ ಪಟ್ಟೆ ಉಳಿಯಿತು, ಪ್ರಜೆಗಳೆಲ್ಲರ ಸಂವಿಧಾನವೂ ಉಳಿಯಿತು. ಸಮಾಧಿಯ ಮುಂದೆ ಕೈಮುಗಿದ ಆ ತಂದೆ ಈ ಎರಡರ ಫಲವನ್ನೂ ಉಣ್ಣುತ್ತಿರುವವರು.

ಬಹುಮತದ ಏಳು ಮಂದಿಯಲ್ಲಿ ಒಬ್ಬರು ಕಾರ್ಕಳ ತಾಲೂಕಿನ ಕೌಡೂರಿನಲ್ಲಿ 1909ರಲ್ಲಿ ಹುಟ್ಟಿದ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ. ತೀರ್ಪಿನ ಬೆನ್ನಿಗೆ ಮುಖ್ಯ ನ್ಯಾಯಮೂರ್ತಿಯ ಸ್ಥಾನಕ್ಕೆ ಜ್ಯೇಷ್ಠತೆಯಲ್ಲಿ ಮುಂದಿದ್ದ ಶೇಲತ್, ಹೆಗ್ಡೆ, ಗ್ರೋವರ್ ಈ ಮೂವರನ್ನು ದಾಟಿಸಿ ಎ.ಎನ್. ರೇ ಅವರನ್ನು ನೇಮಿಸಲಾಯಿತು. ಮೂವರೂ ರಾಜೀನಾಮೆಯಿತ್ತರು. ಅದೇ ಹೆಗ್ಡೆ ಮುಂದೆ 1977ರಲ್ಲಿ ಲೋಕಸಭೆಯ ಸ್ಪೀಕರ್ ಆದರು. 1975ರ ನವೆಂಬರಿನಲ್ಲಿ, ತುರ್ತುಸ್ಥಿತಿಯ ನಡುವೆ, ತೀರ್ಪನ್ನು ಮರಳಿ ಪರಿಶೀಲಿಸಲು 13 ಮಂದಿಯ ಪೀಠ ಮತ್ತೊಮ್ಮೆ ಕುಳಿತು ಎರಡು ದಿನಗಳ ವಿಚಾರಣೆಯ ಬಳಿಕ ವಿಸರ್ಜನೆಗೊಂಡಿತು. 1980ರ ಮಿನರ್ವಾ ಮಿಲ್ಸ್ ಪ್ರಕರಣದಲ್ಲಿ ಎಡನೀರಿನ ತೀರ್ಪೇ ಆಧಾರವಾಯಿತು. 1989ರಲ್ಲಿ ಬಾಂಗ್ಲಾದೇಶದ ಸರ್ವೋಚ್ಚ ನ್ಯಾಯಾಲಯ ಢಾಕಾದಲ್ಲಿ ಅದೇ ತತ್ತ್ವವನ್ನು ಅಂಗೀಕರಿಸಿತು.

ಈ ಎಲ್ಲ ಗ್ರಂಥಗಳಲ್ಲಿ ಮೊಕದ್ದಮೆಯ ಹೆಸರು ಹೇಗೆ ಅಚ್ಚಾಗಿದೆಯೆಂಬುದನ್ನು ಅಧ್ಯಾಪಿಕೆ ಮಕ್ಕಳಿಗೆ ಬರೆದು ತೋರಿಸಿದರು. ಅರ್ಜಿದಾರರ ಹೆಸರಿನ ಕೊನೆಯಲ್ಲಿ ‘ಶ್ರೀಪಾದಗಳವರು’ ಎಂದಿದೆ. ದಿಲ್ಲಿ, ಢಾಕಾಗಳ ಕಾನೂನು ವಿದ್ಯಾರ್ಥಿಗಳು ಅದನ್ನು ಒಂದು ಮನೆತನದ ಹೆಸರೆಂದೇ ತಿಳಿದಾರು. ಎಂಟನೆಯ ತರಗತಿಯ ಕನ್ನಡ ಮಗುವಿಗೆ ಗೊತ್ತು: ‘ಪಾದ’ ನಾಮಪದ, ‘ಗಳು’ ಬಹುವಚನ, ‘ಅವರು’ ಗೌರವ. ವ್ಯಾಕರಣದ ತರಗತಿಯಲ್ಲಿ ಬೇಸರ ತರಿಸುವ ಆ ಪ್ರತ್ಯಯ ಭಾರತದ ಸಂವಿಧಾನದ ಬಲು ದೊಡ್ಡ ಮೊಕದ್ದಮೆಯ ಹಣೆಬರಹದಲ್ಲಿ ಕುಳಿತಿದೆ. ಇಂಗ್ಲಿಷಿನ ನೂರಾರು ಪುಟಗಳ ತೀರ್ಪಿನ ಮೊದಲ ಸಾಲಿನಲ್ಲಿ ಕನ್ನಡದ ಗೌರವಸೂಚಕ ಬಹುವಚನ! ಒಬ್ಬ ಹುಡುಗ ಅದನ್ನು ತನ್ನ ಪುಸ್ತಕದಲ್ಲಿ ಬಿಡಿಸಿ ಬರೆದುಕೊಂಡ. ಸಮಾಧಿಯ ಕಲ್ಲಿನ ಮೇಲಿನ ಹೆಸರಿಗಿಂತ ಹೆಚ್ಚು ಕಾಲ ಬಾಳುವ ಬರಹ ಅದು. ಅದನ್ನು ಪೂರ್ತಿಯಾಗಿ ಓದಬಲ್ಲವರು ಮಾತ್ರ ಕನ್ನಡ ಕಲಿತವರು.

ಇಲ್ಲಿಗೆ ಬಂದಾಗ ಆ ತೀರ್ಪಿಗೂ ಒಂದು ವ್ಯಾನಿನಲ್ಲಿ ಹಿಡಿಸುವ ತರಗತಿಗೂ ಇರುವ ಸಂಬಂಧ ಸ್ಪಷ್ಟವಾಗುತ್ತದೆ. ಎಣಿಕೆಯೇ ಎಲ್ಲವೂ ಅಲ್ಲವೆಂಬುದು ಆ ತೀರ್ಪಿನ ತಿರುಳು. ಸಂಸತ್ತಿನಲ್ಲಿ ಮೂರರಲ್ಲಿ ಎರಡು ಪಾಲಿನ ಬಹುಮತವಿದ್ದವರಿಗೂ ಮುಟ್ಟಲಾಗದ ಕೆಲವು ಸಂಗತಿಗಳು ಇವೆ. ಎಣಿಕೆಯಲ್ಲಿ ಎಂದೂ ಗೆಲ್ಲಲಾಗದವರಿಗೆ ಇದಕ್ಕಿಂತ ದೊಡ್ಡ ಆಸರೆ ಬೇರೊಂದಿಲ್ಲ. ಕಾಸರಗೋಡಿನ ಕನ್ನಡಿಗರು ಅಂಥವರು. 2002ರ ಅಕ್ಟೋಬರ್ 31ರಂದು, ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ, ಭಾಷಾ ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವನ್ನು ಘಟಕವಾಗಿಟ್ಟು ನಿರ್ಧರಿಸಬೇಕೆಂದು 11 ನ್ಯಾಯಮೂರ್ತಿಗಳ ಪೀಠ ಹೇಳಿತು. ತಲಪಾಡಿಯ ಆಚೆಗೆ ಬಹುಸಂಖ್ಯಾತರಾದವರು ಈಚೆಗೆ ಅಲ್ಪಸಂಖ್ಯಾತರು. 30ನೆಯ ವಿಧಿಯಂತೆ ತಮ್ಮ ಶಾಲೆಗಳನ್ನು ಕಟ್ಟಿ ನಡೆಸುವ ಹಕ್ಕುಳ್ಳವರು. 29ನೆಯ ವಿಧಿ ತಮ್ಮ ಭಾಷೆಯನ್ನೂ ಲಿಪಿಯನ್ನೂ ಉಳಿಸಿಕೊಳ್ಳುವ ಹಕ್ಕನ್ನು ಕೊಟ್ಟಿದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆನ್ನುವ 350-ಎ ವಿಧಿ ಸಂವಿಧಾನಕ್ಕೆ ಸೇರಿದ್ದು ಏಳನೆಯ ತಿದ್ದುಪಡಿಯಿಂದ. ಅದು ಜಾರಿಗೆ ಬಂದದ್ದು 1956ರ ನವೆಂಬರ್ 1ರಂದು. ಕಾಸರಗೋಡು ಕೇರಳಕ್ಕೆ ಸೇರಿದ ದಿನವೂ ಅದೇ. ಗಾಯವೂ ಮದ್ದೂ ಒಂದೇ ದಿನ ಬಂದುವು.

ಮದ್ದನ್ನು ಸೇವಿಸುವವರಿಲ್ಲದಿದ್ದರೆ ಮಾತ್ರ ಅದು ಶೀಸೆಯಲ್ಲಿಯೇ ಉಳಿಯುತ್ತದೆ. ವ್ಯಾಜ್ಯಗಳ ಲೋಕದಲ್ಲಿ ಇದಕ್ಕೊಂದು ನಿಯಮವಿದೆ. ಮೊಕದ್ದಮೆ ನಡೆಯುತ್ತಿರುವಾಗ ವಾದಿ ತೀರಿಕೊಂಡರೆ, ಅವನ ವಾರಸುದಾರರು 90 ದಿನಗಳೊಳಗೆ ದಾಖಲೆಗೆ ಬರಲು ಅರ್ಜಿ ಸಲ್ಲಿಸಬೇಕು. ಯಾರೂ ಬಾರದಿದ್ದರೆ ವ್ಯಾಜ್ಯ ತಾನಾಗಿ ಅಸುನೀಗುತ್ತದೆ. ವಾದಿಯ ಪಕ್ಷ ಎಷ್ಟು ನ್ಯಾಯವಾದುದಾಗಿದ್ದರೂ ಸರಿಯೆ, ಸಾಕ್ಷ್ಯಗಳು ಎಷ್ಟು ಗಟ್ಟಿಯಾಗಿದ್ದರೂ ಸರಿಯೆ. ನ್ಯಾಯಾಧೀಶರು ಅವನ ವಿರುದ್ಧ ಒಂದು ಮಾತನ್ನೂ ಹೇಳಬೇಕಾಗಿಲ್ಲ. ‘ಇವನ ಸ್ಥಾನದಲ್ಲಿ ಯಾರು?’ ಎಂಬ ಕರೆಗೆ ಉತ್ತರವಿಲ್ಲದಿದ್ದರೆ ಕಡತ ಮುಚ್ಚುತ್ತದೆ. ಕನ್ನಡ ಶಾಲೆಗಳ ಮಟ್ಟಿಗೆ ಈ ಕರೆ ಪ್ರತಿವರ್ಷವೂ ಜೂನ್ ತಿಂಗಳಲ್ಲಿ, ಹಾಜರಿ ಪುಸ್ತಕದ ಮೊದಲ ಪುಟದಲ್ಲಿ ಕೇಳಿಸುತ್ತದೆ.

ವ್ಯಾನಿನಲ್ಲಿದ್ದ ತಾಯಿಯೊಬ್ಬರ ಕೈಚೀಲದಲ್ಲಿ ಪೇಟೆಯ ಇಂಗ್ಲಿಷ್ ಮಾಧ್ಯಮ ಶಾಲೆಯ ಅರ್ಜಿ ನಮೂನೆಯಿತ್ತು. ಅದನ್ನು ಅವರು ಯಾರಿಂದಲೂ ಅಡಗಿಸಲಿಲ್ಲ. ಮಗ ಜಾಣ, ಮುಂದೆ ಇಂಜಿನಿಯರಿಂಗ್ ಓದಬೇಕೆನ್ನುತ್ತಾನೆ, ಒಂಬತ್ತಕ್ಕೆ ಬದಲಿಸದಿದ್ದರೆ ತಡವಾಗುತ್ತದೆಂದು ಬಂಧುಗಳ ಮಾತು. “ಕನ್ನಡವನ್ನು ಮನೆಯಲ್ಲಿ ಹೇಗೂ ಮಾತಾಡುತ್ತೇವಲ್ಲ?” ಎಂದು ಅವರು ಅಧ್ಯಾಪಿಕೆಯನ್ನು ಕೇಳಿದರು. ಆ ಪ್ರಶ್ನೆಯಲ್ಲಿ ಅಸಡ್ಡೆಯಿರಲಿಲ್ಲ, ಆತಂಕವಿತ್ತು. ಹೆತ್ತವರ ಅಂಥ ಆತಂಕವನ್ನು ಭಾಷಣದಿಂದ ಹೊಡೆದುರುಳಿಸುವುದು ಸಲ್ಲದು. ಮಕ್ಕಳ ಭವಿಷ್ಯವನ್ನು ಒತ್ತೆಯಿಟ್ಟು ಭಾಷೆಯನ್ನು ಉಳಿಸಿರೆಂದು ಬೇರೆಯವರಿಗೆ ಉಪದೇಶಿಸುವ ಅಧಿಕಾರ ಯಾರಿಗೂ ಇಲ್ಲ. ಅಧ್ಯಾಪಿಕೆ ಉಪದೇಶಿಸಲಿಲ್ಲ. ಮುಂದಿನ ಊರು ಬರಲಿ ಎಂದರು.

ಮುಂದಿನ ಊರು ಪೆರಡಾಲ. ಬದಿಯಡ್ಕದ ಸಮೀಪದ ಆ ಹಳ್ಳಿಯಲ್ಲಿ ಕಯ್ಯಾರ ಕಿಞ್ಞಣ್ಣ ರೈಗಳ ಮನೆ ‘ಕವಿತಾ ಕುಟೀರ’ವಿದೆ. 1915ರ ಜೂನ್ 8ರಂದು ಹುಟ್ಟಿದ ಅವರು ನೂರು ತುಂಬಿದ ಮೇಲೆ 2015ರ ಆಗಸ್ಟ್ 9ರಂದು ತೀರಿಕೊಂಡರು. ಇಲ್ಲಿ ನೋಡಲು ಗೋರಿಯಿಲ್ಲ, ಗೋಪುರವಿಲ್ಲ. ಕೇಶವಾನಂದ ಭಾರತಿಗಳಂತೆ ಕಯ್ಯಾರರೂ ತಮ್ಮ ಮುಖ್ಯ ಮೊಕದ್ದಮೆಯಲ್ಲಿ ಸೋತವರು. ಕಾಸರಗೋಡು ಕನ್ನಡನಾಡಿಗೆ ಸೇರಬೇಕೆಂದು ಅವರು ಹಾಡಿದರು, ನಡೆದರು, ಹೋರಾಡಿದರು. ಚಂದ್ರಗಿರಿಯ ಉತ್ತರ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿತು. ಅದು ಕಾಗದದಲ್ಲಿಯೇ ಉಳಿಯಿತು. 1997ರಲ್ಲಿ ಮಂಗಳೂರಿನ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕುಳಿತಾಗಲೂ ಆ ಬೇಡಿಕೆ ಅವರೊಳಗೆ ಆರಿರಲಿಲ್ಲ.

ಸೋತ ಹೋರಾಟಗಾರ ಕಯ್ಯಾರರು ಉಳಿದ ದಿನಗಳಲ್ಲಿ ಏನು ಮಾಡಿದರು ಎಂಬುದು ಪೆರಡಾಲದ ಪಾಠ. ಅವರು ಅಧ್ಯಾಪಕರಾಗಿದ್ದರು. ಬೆಳಗ್ಗೆ ಶಾಲೆಗೆ ಹೋದರು, ಸಂಜೆ ತೋಟಕ್ಕೆ ಇಳಿದರು. ಕನ್ನಡ ಶಾಲೆಗಳ ಮಕ್ಕಳಿಗಾಗಿ ಪಠ್ಯಪುಸ್ತಕಗಳನ್ನು ಬರೆದರು, ವ್ಯಾಕರಣ ಬರೆದರು. ಆತ್ಮಕಥೆಗೆ ‘ದುಡಿತವೇ ನನ್ನ ದೇವರು’ ಎಂದು ಹೆಸರಿಟ್ಟರು. ಗಡಿಗೆರೆ ತಾನು ಬಯಸಿದಲ್ಲಿ ಬೀಳಲಿಲ್ಲವೆಂದು ಕರಿಹಲಗೆಯನ್ನು ಬಿಡಲಿಲ್ಲ. ಗೆರೆಯನ್ನು ಎಳೆಯುವ ಕೆಲಸ ದಿಲ್ಲಿಯದಾದರೆ, ಅಕ್ಷರವನ್ನು ತಿದ್ದಿಸುವ ಕೆಲಸ ತನ್ನದೆಂದು ತಿಳಿದರು. ಇಂದು ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ತರಗತಿಗಳು ಉಳಿದಿದ್ದರೆ, ಅದಕ್ಕೆ ಕಾನೂನಿನ ವಿಧಿಗಳಷ್ಟೇ ಕಾರಣವಲ್ಲ. ಸೋಲನ್ನು ಒಪ್ಪಿಕೊಂಡು ಕೆಲಸವನ್ನು ನಿಲ್ಲಿಸದ ಅಧ್ಯಾಪಕರು ಕಾರಣ.

ಮನೆಯಲ್ಲಿ ಆಡುವ ಕನ್ನಡಕ್ಕೂ ಶಾಲೆಯಲ್ಲಿ ಓದುವ ಕನ್ನಡಕ್ಕೂ ಇರುವ ವ್ಯತ್ಯಾಸವನ್ನು ಅಧ್ಯಾಪಿಕೆ ಆಗ ಹೇಳಿದರು. ಆಡುಮಾತು ಬಾಯಿಂದ ಬಾಯಿಗೆ ಎರಡು ತಲೆಮಾರು ನಡೆಯುತ್ತದೆ. ಆಮೇಲೆ ಅಜ್ಜ ಬರೆದಿಟ್ಟ ಪತ್ರವನ್ನು ಮೊಮ್ಮಗ ಓದಲಾರ; ಮನೆಯ ಹಳೆಯ ದಸ್ತಾವೇಜು, ಹರಕೆಯ ಚೀಟಿ, ತಾಳಮದ್ದಳೆಯ ಪ್ರಸಂಗ ಎಲ್ಲವೂ ಮೀಸಾನ್ ಕಲ್ಲಿನ ಮೇಲಿನ ಪಾಚಿಯಂತೆ ಕಾಣಿಸುತ್ತದೆ. ಉಬೈದರೂ ಸಾರಾರೂ ಮನೆಯಲ್ಲಿ ಕನ್ನಡ ಆಡಿದವರಲ್ಲ. ಅವರಿಗೆ ಕನ್ನಡವನ್ನು ಕೊಟ್ಟದ್ದು ಶಾಲೆಯೇ. ಹೊರಗಿನವರನ್ನೂ ಒಳಗಿನವರನ್ನಾಗಿಸುವ ಬಾಗಿಲು ಅದು. ಅದು ಮುಚ್ಚಿದರೆ ಒಳಗಿನವರೂ ಹೊರಗಿನವರಾಗುತ್ತಾರೆ. ಅಧ್ಯಾಪಿಕೆ ಇಷ್ಟನ್ನು ಹೇಳಿ, ಅರ್ಜಿ ನಮೂನೆಯ ವಿಚಾರವನ್ನು ಆ ತಾಯಿಯ ತೀರ್ಮಾನಕ್ಕೆ ಬಿಟ್ಟರು.

ಮಂಜೇಶ್ವರಕ್ಕೆ ಹೋಗಲು ಅಂದು ಹೊತ್ತು ಸಾಲಲಿಲ್ಲ. ಅಲ್ಲಿಯೂ ಗೋರಿಯಿಲ್ಲ, ರಾಷ್ಟ್ರಕವಿ ಗೋವಿಂದ ಪೈಗಳ ಮನೆಯಿದೆ, ಅವರ ಕವನ ಸಂಕಲನದ ಹೆಸರನ್ನೇ ಹೊತ್ತ ‘ಗಿಳಿವಿಂಡು’ ಸ್ಮಾರಕವಿದೆ. ಯೇಸುವಿನ ಕಡೆಯ ದಿನವನ್ನು ‘ಗೊಲ್ಗೊಥಾ’ದಲ್ಲಿಯೂ ಬುದ್ಧನ ಕಡೆಯ ದಿನವನ್ನು ‘ವೈಶಾಖಿ’ಯಲ್ಲಿಯೂ ಚಿತ್ರಿಸಿದ ಆ ಕವಿಯ ಕಡೆಯ ದಿನ 1963ರ ಸೆಪ್ಟೆಂಬರ್ 6. ಎಡನೀರಿನ ಯತಿಗಳ ಕಡೆಯ ದಿನವೂ, 57 ವರ್ಷಗಳ ಬಳಿಕ, ಸೆಪ್ಟೆಂಬರ್ 6. ಅದು ಅಧ್ಯಾಪಕ ದಿನದ ಮರುದಿನ. ಹೂಹಾರ, ಭಾಷಣಗಳು ಮುಗಿದು ಶಾಲೆ ಮತ್ತೆ ಪಾಠಕ್ಕೆ ತೊಡಗುವ ದಿನ. ಜಿಲ್ಲೆಯ ಕನ್ನಡ ಶಾಲೆಗಳು ಆ ದಿನ ಬೆಳಗ್ಗೆ ಒಂದು ತಾಸು ಈ ಇಬ್ಬರಿಗಾಗಿ ಮೀಸಲಿಟ್ಟರೆ ಖರ್ಚೇನೂ ಇಲ್ಲ: ಪೈಗಳ ಒಂದು ಕವಿತೆಯನ್ನು ಮಕ್ಕಳು ಗಟ್ಟಿಯಾಗಿ ಓದಲಿ, ‘ಶ್ರೀಪಾದಗಳವರು’ ಎಂಬ ಪದವನ್ನು ಕರಿಹಲಗೆಯ ಮೇಲೆ ಬಿಡಿಸಿ ಬರೆಯಲಿ. ವಾರಸುದಾರರು ದಾಖಲೆಗೆ ಬರಲು ಅಷ್ಟು ಸಾಕು.